ಆದೋನಿ ಸಾಹುಕಾರರ ಸಿರುಗುಪ್ಪ ದರ್ಶನ

ಚಿದಾನಂದಪ್ಪ ಮಾಡಿದ ತಪ್ಪು ಬಹಳ ಸಣ್ಣದು. ಬಸ್ಸಿನ ಕಿಟಕಿಯಿಂದ ಅಕ್ಕನಿಗೆ ಕೈ ಬೀಸಿದ್ದ, ಅಷ್ಟೆ.

ಹೋದ ವರ್ಷ ಗೆಳೆಯನ ಮಗಳ ಮದುವೆಗೆಂದು ಅವನು ಬಳ್ಳಾರಿಯಿಂದ ತನ್ನ ಹುಟ್ಟೂರು ಸಿರುಗುಪ್ಪಕ್ಕೆ ಹೋಗಿದ್ದ. ಅಕ್ಷತೆ ಹಾಕಿ, ಕಲ್ಯಾಣ ಮಂಟಪದಲ್ಲೇ ಉಂಡು, ತಾಂಬೂಲದ ಚೀಲ ಹಿಡಿದು ವಾಪಸು ಬಸ್ಸು ಹತ್ತಿದ. ಬಸ್ಸು ಅಕ್ಕ ಗಾದೆಮ್ಮನ ಓಣಿಯ ಬಾಯಿಗೆ ಬರುವುದಕ್ಕೂ ಭತ್ತ ಹೇರಿದ ಟ್ರ್ಯಾಕ್ಟರೊಂದು ಅಡ್ಡ ನಿಲ್ಲುವುದಕ್ಕೂ ಸರಿಹೋಯಿತು. ಗಾದೆಮ್ಮ ಅಲ್ಲೇ ನಿಂತಿದ್ದಳು. ಅಕ್ಕ ತಮ್ಮನನ್ನು ನೋಡಿದಳು, ತಮ್ಮ ಅಕ್ಕನನ್ನು ನೋಡಿದ. ಜಾಣನಾಗಿದ್ದರೆ ತಟ್ಟನೆ ಇಳಿದುಬಿಡುತ್ತಿದ್ದ. ಅರೆಜಾಣನಾಗಿದ್ದರೆ ನಿದ್ದೆ ಹತ್ತಿದವನಂತೆ ಕಣ್ಣಾದರೂ ಮುಚ್ಚುತ್ತಿದ್ದ. ಇವನು ಹಲ್ಲು ಕಿರಿದು ಕೈ ಬೀಸಿದ. ಟ್ರ್ಯಾಕ್ಟರು ಸರಿಯಿತು, ಬಸ್ಸು ಹೊರಟಿತು.

ಊರಿಗೆ ಬಂದವನು ಒಡಹುಟ್ಟಿದವಳ ಮನೆಯ ಹೊಸ್ತಿಲು ತುಳಿಯದೆ ಹೋಗುವುದೆಂದರೆ ಆ ಕಡೆಯವರಿಗೆ ಕಪಾಳಕ್ಕೆ ಹೊಡೆಸಿಕೊಂಡಂತೆ. ಉಣ್ಣದಿದ್ದರೆ ಬೇಡ, ಒಂದು ತಂಬಿಗೆ ನೀರಾದರೂ ಕುಡಿದು ಹೋಗಬೇಕು. ಅಂದು ಸಂಜೆಯೇ ಗಾದೆಮ್ಮ ಚಿದಾನಂದಪ್ಪನ ಹೆಂಡತಿ ನಾಗಲಕ್ಷ್ಮಿಗೆ ಫೋನು ಮಾಡಿದಳು. “ನಿನ್ನ ಗಂಡಗ ಹೇಳವ್ವ, ಮಂತ್ರಿ ಹಂಗ ಕೈ ಬೀಸ್ಕೊಂತ ಅಡ್ಡಾಡಾಕ ನಮ್ಮೂರಿಗೆ ಬರಬ್ಯಾಡ ಅಂತ.” ಆಮೇಲೆ ಅವಳು ತಮ್ಮನ ಜೊತೆ ಒಂದು ಮಾತೂ ಆಡಲಿಲ್ಲ. ಫೋನು ಇವನು ಎತ್ತಿದರೆ ಆ ಕಡೆಯಿಂದ ಪಟ್ಟನೆ ಇಟ್ಟುಬಿಡುವಳು. ಚಿದಾನಂದಪ್ಪ ಸರಕಾರಿ ಕಚೇರಿಯಲ್ಲಿ ಎಂಥೆಂಥ ಮೇಲಧಿಕಾರಿಗಳ ಕೈಕೆಳಗೆ ದುಡಿದು ನಿವೃತ್ತನಾದವನು. ಅಕ್ಕನ ಎದುರಿಗೆ ಮಾತ್ರ ಹೋಗಿ ನಿಲ್ಲುವ ಧೈರ್ಯವಾಗದೆ ವರ್ಷ ಕಳೆಯಿತು.

ಅಷ್ಟಾದರೂ ಊರಿನ ಜಂಬ ಬಿಡಬೇಕಲ್ಲ! ಗಾಂಧಿನಗರದ ಅವರ ಓಣಿಯಲ್ಲಿ ಸಿರುಗುಪ್ಪದ ವರ್ಣನೆ ಕೇಳದ ಕಿವಿಯಿರಲಿಲ್ಲ. ನಲ್ಲಿಯಲ್ಲಿ ನೀರು ಬಂದರೆ “ಇದೂ ಒಂದು ನೀರೇನ್ರಿ? ನಮ್ಮ ಹೊಳಿ ನೀರು ಕುಡದು ನೋಡ್ರಿ” ಅನ್ನುವನು. ಯಾರಾದರೂ ಅಕ್ಕಿ ತಂದರೆ ಎರಡು ಕಾಳು ಬಾಯಿಗೆ ಎಸೆದುಕೊಂಡು “ನಮ್ಮೂರ ಗಿರಣಿದಲ್ಲ ಬಿಡ್ರಿ” ಅನ್ನುವನು. ಕೇಳೀ ಕೇಳೀ ಸಾಕಾಗಿ ಪಕ್ಕದ ಮನೆಯ ಹಂಪೇಶ್ ಒಂದು ದಿನ ಹೇಳಿಯೇಬಿಟ್ಟ.

“ಅಣ್ಣಾರ, ಹೇಳಿದ್ದು ಬಾಳ ಆತು. ಬರೋ ಆಯ್ತಾರ ವ್ಯಾನು ಮಾಡೀನಿ. ನೀವು ತೋರಸ್ರಿ, ನಾವು ನೋಡ್ತೀವಿ.”

“ಈಗ್ಯಾಕಪ್ಪ, ಬಿಸಲು...”

“ಜನವರಿ ತಿಂಗಳಾಗ ಎಲ್ಲಿ ಬಿಸಲ್ರಿ ಅಣ್ಣಾರ!”

ಮಹಡಿಯ ಮೇಲೆ ಬಾಡಿಗೆಗಿದ್ದ ಶಶಿರೇಖಾ ಟೀಚರು ಬಗ್ಗಿ ನೋಡಿ “ನಾನೂ ಬರ್ತೀನ್ರಿ, ನನ್ನ ಫೋನಿನಾಗ ವಿಡಿಯೋ ಬಾಳ ಚಂದ ಬರ್ತಾವು” ಅಂದರು. ನಾಗಲಕ್ಷ್ಮಿಯಂತೂ ಗಂಡನ ಮುಖವನ್ನೂ ನೋಡದೆ “ಹೋಗಾನ್ರಿ, ನಾನು ಚಪಾತಿ ಮಾಡ್ಕೊಂತೀನಿ” ಅಂದಳು. ಅಕ್ಕನ ಕೋಪದ ವಿಷಯ ಓಣಿಯವರಿಗೆ ಗೊತ್ತಿರಲಿಲ್ಲ. ಗೊತ್ತಾದರೆ ಮರ್ಯಾದೆ ಏನಾಗಬೇಕು? ಅಕ್ಕನ ಕಣ್ಣಿಗೆ ಬೀಳದೆ ಊರು ತೋರಿಸಿ ಸಂಜೆಯೊಳಗೆ ತಿರುಗಿ ಬರುವುದೆಂದು ಚಿದಾನಂದಪ್ಪ ತೀರ್ಮಾನಿಸಿದ.

ಭಾನುವಾರ ಬೆಳಿಗ್ಗೆ ಅವನು ವ್ಯಾನು ಹತ್ತಿದಾಗ ಡ್ರೈವರು ಯಾರೋ ಬೇರೆಯವರೆಂದು ತಿಳಿದು ಇಳಿಯಲು ಹೇಳಿದ. ಕಿವಿ, ಗದ್ದ ಎಲ್ಲ ಮುಚ್ಚುವ ಉಣ್ಣೆಯ ಮಂಕಿ ಕ್ಯಾಪು, ಅದರ ಮೇಲೆ ಕಪ್ಪು ಕನ್ನಡಕ.

“ಇದ್ಯಾಕ್ರಿ ಅಣ್ಣಾರ, ಬ್ಯಾಂಕ್ ಲೂಟಿ ಮಾಡಾಕ ಹೊಂಟೀರೇನು?” ಎಂದ ಹಂಪೇಶ್.

“ಥಂಡಿ” ಎಂದ ಚಿದಾನಂದಪ್ಪ. ನಾಗಲಕ್ಷ್ಮಿ ಸೆರಗು ಬಾಯಿಗೆ ಅಡ್ಡ ಹಿಡಿದು ಆ ಕಡೆ ತಿರುಗಿದಳು.

ಮೊದಲು ಕುರುಗೋಡು. ಬಿಸಿಬಿಸಿ ಮಂಡಕ್ಕಿ ಒಗ್ಗರಣಿ, ಮಿರ್ಚಿ ಭಜಿ ತಿಂದು ದೊಡ್ಡಬಸವೇಶ್ವರನ ಗುಡಿಗೆ ಹೋದರು. ಅಲ್ಲಿ ಅವನನ್ನು ಬಲ್ಲವರು ಯಾರೂ ಇರಲಿಲ್ಲವಾದ್ದರಿಂದ ಚಿದಾನಂದಪ್ಪನಿಗೆ ಧೈರ್ಯ ಬಂತು. ಗುಡಿಯೊಳಗೆ ಇಡಿಯಾಗಿ ತುಂಬಿ ಕೂತ ಆ ಬಸವಣ್ಣನನ್ನು ನೋಡಿ ಶಶಿರೇಖಾ ಟೀಚರು “ಅಬಬಬ!” ಅಂದರು.

“ನಾನು ಸಣ್ಣಾವಿದ್ದಾಗ ನಮ್ಮಕ್ಕ ಇಲ್ಲಿಗೆ ಕರಕೊಂಡು ಬಂದಿದ್ಲ್ರಿ,” ಎಂದು ಅವನು ಶುರು ಮಾಡಿದ. “ನಡಕೊಂಡು ಕಾಲು ನೋವು ಬಂದು, ಕಡೀಗೆ ಅಕ್ಕನ ಬಗಲಾಗ ಕುಂತೆ. ‘ಯಕ್ಕಾ, ಇಷ್ಟು ದೊಡ್ಡ ಬಸಣ್ಣ ಏನು ತಿಂತಾನ?’ ಅಂತ ಕೇಳಿದ್ರ, ‘ಸುಳ್ಳು ಹೇಳೋ ಹುಡುಗರನ್ನ’ ಅಂದ್ಲು.” ಎಲ್ಲರೂ ನಕ್ಕರು. ಚಿದಾನಂದಪ್ಪನೂ ನಕ್ಕು, ಬಸವಣ್ಣನ ಕಡೆ ಒಮ್ಮೆ ನೋಡಿ, ಟೊಪ್ಪಿಗೆಯನ್ನು ಇನ್ನಷ್ಟು ಕೆಳಗೆ ಎಳೆದುಕೊಂಡ.

ತೆಕ್ಕಲಕೋಟೆ ದಾಟಿದ ಮೇಲೆ ಅವನ ಮಾತು ಕಡಿಮೆಯಾಯಿತು. ಕಾಲುವೆಯ ನೀರು ಕುಡಿದ ಹಸಿರು ಗದ್ದೆ, ಸಾಲಾಗಿ ನಿಂತ ಗಿರಣಿಗಳ ಚಿಮಣಿ, ಗಾಳಿಯಲ್ಲಿ ತೌಡಿನ ಬೆಚ್ಚನೆಯ ವಾಸನೆ. ಚಿಕ್ಕಂದಿನಲ್ಲಿ ಅಕ್ಕನ ಸೀರೆಗೂ ಇದೇ ವಾಸನೆ ಇರುತ್ತಿತ್ತು.

ವ್ಯಾನು ಹಳೇ ಕೋಟೆಯ ಹತ್ತಿರ ನಿಂತಿತು. ಬಿಸಿಲೇರಿ ಟೊಪ್ಪಿಗೆಯೊಳಗೆ ತಲೆ ಇಡ್ಲಿಯಂತೆ ಬೇಯುತ್ತಿತ್ತು. ಇಳಿದು ನಾಲ್ಕು ಹೆಜ್ಜೆ ಇಟ್ಟಿರಲಿಲ್ಲ, ಚಹಾದಂಗಡಿಯ ಬೆಂಚಿನಿಂದ ಹೆಗಲಿಗೆ ಟವೆಲು ಹಾಕಿದ ವಯಸ್ಸಾದವನೊಬ್ಬ ಎದ್ದು ಬಂದ.

“ಬರ್ರಿ ಬರ್ರಿ, ಊರು ನೋಡಾಕ ಬಂದೀರಿ ಅಂತ ಕಾಣ್ತೈತಿ. ನಾನು ಮಲ್ಲಯ್ಯ ಅಂತ. ಯಾವೂರ್ರಿ ತಮ್ಮದು?”

ಹಂಪೇಶ್ ಬಾಯಿ ತೆರೆದರೆ ಎಲ್ಲ ಮುಗಿಯಿತು! ಚಿದಾನಂದಪ್ಪ ಗಾಬರಿಯಲ್ಲಿ ಮುನ್ನುಗ್ಗಿ, “ಮಾದಿ ಆದೋನಿ ಅಂಡಿ” ಅಂದುಬಿಟ್ಟ.

ನಮ್ಮದು ಆದೋನಿ, ಅಂತ ತೆಲುಗಿನಲ್ಲಿ. ಆಂಧ್ರದ ಗಡಿ ಅಲ್ಲೇ ಪಕ್ಕದಲ್ಲಿರುವ ಊರು. ತೆಲುಗು ಯಾರಿಗೆ ಬರುವುದಿಲ್ಲ? ಹಂಪೇಶ್ ಮತ್ತು ಟೀಚರು ಕಣ್ಣು ಕಣ್ಣು ಬಿಟ್ಟರು. ಚಿದಾನಂದಪ್ಪ ಅವರನ್ನು ಪಕ್ಕಕ್ಕೆ ಎಳೆದು ಪಿಸುಗುಟ್ಟಿದ. “ನನ್ನ ಗುರುತು ಸಿಕ್ಕರ ಮನಿಮನಿಗೆ ಕರದು ಚಾ ಕುಡಸ್ತಾರಪ್ಪ. ಒಂದು ಗುಡಿನೂ ನೋಡಾಕ ಆಗಂಗಿಲ್ಲ. ಸುಮ್ನ ಇರ್ರಿ.”

ಹಂಪೇಶ್ ಸುಮ್ಮನಿರುವ ಪೈಕಿಯೇ? ನೆರೆಮನೆಯವನಿಗೆ ಸಹಾಯ ಮಾಡುವ ಉತ್ಸಾಹದಲ್ಲಿ ಎದೆಯುಬ್ಬಿಸಿ ಹೇಳಿದ. “ಇವರು ಆದೋನಿ ಸಾಹುಕಾರ್ರು. ಮೂರು ಹತ್ತಿ ಮಿಲ್ಲು ಅದಾವು. ಇಲ್ಲಿ ಒಂದು ಅಕ್ಕಿ ಗಿರಣಿ ಕೊಳ್ಳಾಕ ಬಂದಾರ. ಕನ್ನಡ ಒಂದಕ್ಷರಾನೂ ಬರಂಗಿಲ್ರಿ!”

“ಒಂದಕ್ಷರಾನೂ?” ಎಂದ ಮಲ್ಲಯ್ಯ, ಮಂಕಿ ಕ್ಯಾಪನ್ನೇ ದಿಟ್ಟಿಸಿ ನೋಡುತ್ತ. “ಹಂಗಾರ ನಾನು ಕನ್ನಡದಾಗ ಹೇಳ್ತೀನಿ, ನೀವು ಅವರಿಗೆ ತಿಳಿಸ್ರಿ. ಊರು ನಾನು ತೋರಸ್ತೀನಿ. ದುಡ್ಡು ಗಿಡ್ಡು ಬ್ಯಾಡ, ಅತಿಥಿಗಳು ನೀವು.”

ಅಲ್ಲಿಂದ ಚಿದಾನಂದಪ್ಪನ ಗೋಳು ಶುರುವಾಯಿತು.

“ಈ ಕ್ವಾಟಿ ಗ್ವಾಡಿ ಕಟ್ಟಿದಾವ ಭೀಮ. ಒಂದೇ ರಾತ್ರ್ಯಾಗ” ಎಂದ ಮಲ್ಲಯ್ಯ. ಚಿದಾನಂದಪ್ಪ ತುಟಿ ಕಚ್ಚಿಕೊಂಡ. “ನಿಟ್ಟೂರಿನಾಗ ಅಶೋಕ ಮಹಾರಾಜನ ಶಾಸನ ಐತಲ್ರಿ, ಅದನ್ನ ಬರಸಾಕ ಬಂದಾಗ ಅವ ಇಲ್ಲೇ ಇಳಕೊಂಡಿದ್ದ. ಮುಂಜಾನೆದ್ದು ಒಗ್ಗರಣಿ, ಮಿರ್ಚಿ ತಿಂದು ಹೋದ.”

ಮೆಣಸಿನಕಾಯಿ ಈ ದೇಶಕ್ಕೆ ಬಂದದ್ದೇ ಅಶೋಕ ಸತ್ತು ಎಷ್ಟೋ ಶತಮಾನಗಳಾದ ಮೇಲೆ ಎಂದು ಚೀರಬೇಕೆನ್ನಿಸಿತು ಚಿದಾನಂದಪ್ಪನಿಗೆ. ಇಡೀ ಓಣಿಗೆ ಈ ಊರಿನ ಇತಿಹಾಸ ಬಾಯಿಪಾಠ ಮಾಡಿಸಿದವನು, ಈಗ “ಅಲಾಗಾ? ಅಲಾಗಾ?” ಎಂದು ತಲೆಯಾಡಿಸುತ್ತ ನಿಂತಿದ್ದ. ಹೌದಾ, ಹೌದಾ, ಅನ್ನುವುದಕ್ಕೆ ಅವನಿಗೆ ತಕ್ಷಣ ನೆನಪಾದ ತೆಲುಗು ಅದೊಂದೇ.

ಟೀಚರು ಎಲ್ಲವನ್ನೂ ವಿಡಿಯೋ ಮಾಡುತ್ತಿದ್ದರು. ಮುಂದೆ ಒಂದು ಬೇವಿನ ಮರ ಬಂತು. ಮಲ್ಲಯ್ಯ ನಿಂತ.

“ಈ ಗಿಡದ ಕತಿ ಕೇಳ್ರಿ. ಹಿಂದ ಈ ಓಣ್ಯಾಗ ಚಿದ್ಯಾ ಅಂತ ಒಬ್ಬ ಹುಡುಗ ಇದ್ದ. ಬಾಳ ಅಂಜುಬುರಕ. ಒಂದಿನ ಹೊತ್ತು ಮುಳುಗಿದಾಗ ಈ ಗಿಡದ ಮ್ಯಾಲ ಟವೆಲ್ ನೇತಾಡೋದು ನೋಡಿ, ದೆವ್ವ ಅಂತ ಓಡಿದ. ಮನಿ ಮುಟ್ಟೋದ್ರಾಗ ಚಡ್ಡಿ ಒದ್ದಿ!”

ಹಂಪೇಶ್ ಖೊಕ್ಕನೆ ನಕ್ಕು, ಸಾಹುಕಾರರ ಕಡೆ ತಿರುಗಿ, “ಚಿದ್ಯಾ ಅಂತ ಹೆಸರು! ಕೇಳಿದ್ರೇನ್ರಿ ಸಾಹುಕಾರ್ರ?” ಅಂದ. ಅದು ಟವೆಲಲ್ಲ, ಬಿಳೀ ಧೋತರ. ಕತ್ತಲೆಯಲ್ಲಿ ಅದು ಯಾರಿಗಾದರೂ ದೆವ್ವದಂತೆಯೇ ಕಾಣುತ್ತಿತ್ತು. ಆದರೆ ಅದನ್ನು ಆದೋನಿಯವನು ಹೇಗೆ ಹೇಳುವುದು? ಈ ಸುದ್ದಿ ಈ ಮುದುಕನಿಗೆ ಹೇಗೆ ಗೊತ್ತಾಯಿತೋ ಎಂದು ಚಿದಾನಂದಪ್ಪ ತಲೆ ಕೆಡಿಸಿಕೊಂಡ. ಸಿರುಗುಪ್ಪದಲ್ಲಿ ಯಾವ ಸುದ್ದಿಯೂ ಸಾಯುವುದಿಲ್ಲ ಎಂದು ಸಮಾಧಾನ ಮಾಡಿಕೊಂಡ.

ನಡುನಡುವೆ ಮಲ್ಲಯ್ಯನಿಗೆ ಫೋನು ಬರುತ್ತಿತ್ತು. “ಹೂನ್ರಿ... ಇಲ್ರಿ, ಕ್ವಾಟಿ ಮುಗೀತು... ಇನ್ನೂ ಹೊಳಿ ಐತಲ್ರಿ” ಎಂದು ದೂರ ಹೋಗಿ ಮಾತಾಡಿ ಬರುವನು. ಹೊಟ್ಟೆ ಹಸಿದ ಹಂಪೇಶ್ ಚಪಾತಿ ಡಬ್ಬಿ ಕೇಳಿದರೆ ನಾಗಲಕ್ಷ್ಮಿ “ಅಯ್ಯ, ಮನ್ಯಾಗ ಮರತು ಬಂದೆ ನೋಡ್ರಿ” ಅಂದಳು. ಇಷ್ಟು ವರ್ಷದ ಸಂಸಾರದಲ್ಲಿ ಅವಳು ಊಟ ಮರೆತದ್ದು ಅದೇ ಮೊದಲು.

ಹೊಳೆಗೆ ಬಂದಾಗ ಮಾತ್ರ ಚಿದಾನಂದಪ್ಪ ಎಲ್ಲವನ್ನೂ ಮರೆತ. ತುಂಗಭದ್ರೆಯಲ್ಲಿ ನೀರು ಇಳಿದಿತ್ತು. ಕಪ್ಪು ಬಂಡೆಗಳ ನಡುವೆ ಸಣ್ಣಗೆ ಸದ್ದು ಮಾಡುತ್ತ ಹರಿಯುತ್ತಿತ್ತು. ಅಗೋ, ಆ ಇಳಿಜಾರು ಬಂಡೆಯ ಮೇಲೆ ಅಕ್ಕ ಬಟ್ಟೆ ಒಗೆಯುತ್ತಿದ್ದಳು. ಇವನ ಸೊಂಟಕ್ಕೆ ಒಣಗಿದ ಸೋರೆ ಬುರುಡೆ ಕಟ್ಟಿ ನೀರಿಗೆ ಬಿಟ್ಟು, “ಕೈ ಬಡಿಯೋ ಚಿದ್ಯಾ, ಕೈ ಬಡಿ” ಎಂದು ಕೂಗುತ್ತಿದ್ದಳು. ಅವ್ವ ಹೊಲಕ್ಕೆ ಹೋದರೆ ಇವನಿಗೆ ಅಕ್ಕನೇ ಅವ್ವ. ಹಸಿ ಬಟ್ಟೆಯ ಗಂಟು ಒಂದು ಬಗಲಲ್ಲಿ, ಇವನು ಇನ್ನೊಂದು ಬಗಲಲ್ಲಿ; ಮನೆತನಕ ದಾರಿಯುದ್ದಕ್ಕೂ ಅವಳ ಕೊರಳಿಗೆ ಜೋತುಬಿದ್ದು ಬರುತ್ತಿದ್ದ. ಈಗ ಅವನನ್ನು ಚಿದ್ಯಾ ಎಂದು ಕರೆಯುವವರು ಈ ಭೂಮಿಯ ಮೇಲೆ ಅವಳೊಬ್ಬಳೇ ಉಳಿದಿದ್ದಾಳೆ. ಅವಳು ಬೈದರೂ ಸರಿ, ಹೊಡೆದರೂ ಸರಿ, ಒಂದು ಸಲ ಚಿದ್ಯಾ ಅಂದರೆ ಸಾಕು ಅನ್ನಿಸಿತು.

ಅದೇ ಹೊತ್ತಿಗೆ ಮಲ್ಲಯ್ಯ ಪಕ್ಕದಲ್ಲಿ ಕೂತು, ಟೀಚರಿಗೆ ಹೇಳತೊಡಗಿದ.

“ನಮ್ಮೂರಾಗ ಒಬ್ಬ ಅಕ್ಕ ಅದಾಳ್ರಿ. ಗಿರಣ್ಯಾಗ ಅಕ್ಕಿ ಹಸನು ಮಾಡಿ ತಮ್ಮಗ ಕಾಲೇಜು ಓದಿಸಿದಾಕಿ. ತಮ್ಮ ದೊಡ್ಡಾವಾದ, ಬಳ್ಳಾರ್ಯಾಗ ಮನಿ ಮಾಡಿದ. ಹ್ವಾದ ವರ್ಷ ಊರಿಗೆ ಬಂದಾವ, ಮನಿ ಮುಂದ ಹಾದು, ಒಳಗ ಬರಲಾರದ ಹೋದ ನೋಡ್ರಿ!”

“ಅಯ್ಯ, ಎಂಥಾ ಮನಿಷಾರಿ ಅವ!” ಎಂದರು ಟೀಚರು.

“ಕಲ್ಲು ಮನಸು ಬಿಡ್ರಿ” ಎಂದ ಹಂಪೇಶ್. “ಅಂಥಾವ ನಮ್ಮ ಓಣ್ಯಾಗ ಇದ್ದಿದ್ರ ನಾನು ಮಾತು ಬಿಡ್ತಿದ್ದೆ.”

ಚಿದಾನಂದಪ್ಪ ಕಪ್ಪು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡ. ಕನ್ನಡಕದ ಒಳಗೂ ಒದ್ದೆ, ಹೊರಗೂ ಒದ್ದೆ. “ಆಯಮ್ಮ ಕ್ಷಮಿಸ್ತುಂದಾ?” ಎಂದು ಕೇಳಿದ. ಆಕೆ ಕ್ಷಮಿಸುತ್ತಾಳಾ ಅಂತ.

“ಕೇಳಿದವ್ರಿಗೆ ಗೊತ್ತಾಗ್ತೈತಿ, ಸಾಹುಕಾರ್ರ. ಅವ ಬಂದು ಕೇಳಬೇಕಲ್ರಿ” ಎಂದ ಮಲ್ಲಯ್ಯ.

ಕನ್ನಡ ಒಂದಕ್ಷರವೂ ಬಾರದವನಿಗೆ ಮಲ್ಲಯ್ಯ ಕನ್ನಡದಲ್ಲೇ ಉತ್ತರ ಕೊಟ್ಟದ್ದು ಚಿದಾನಂದಪ್ಪನ ಲಕ್ಷ್ಯಕ್ಕೆ ಬರಲಿಲ್ಲ. ಅವನು ಆಗಲೇ ಮನಸ್ಸು ಗಟ್ಟಿಮಾಡಿದ್ದ. ಇವತ್ತು ಈ ಮಂದಿಯನ್ನು ಬಳ್ಳಾರಿಗೆ ಮುಟ್ಟಿಸುವುದು. ನಾಳೆ ಮೊದಲ ಬಸ್ಸಿಗೆ ಒಬ್ಬನೇ ಬಂದು ಅಕ್ಕನ ಕಾಲು ಹಿಡಿಯುವುದು. ಇಷ್ಟು ಸುಲಭದ ಕೆಲಸಕ್ಕೆ ವರ್ಷ ಕಳೆದೆನಲ್ಲ ಎಂದು ತನ್ನನ್ನೇ ಬೈದುಕೊಂಡ.

ಮಲ್ಲಯ್ಯನ ಫೋನು ಮತ್ತೆ ಬಡಿದುಕೊಂಡಿತು. “ಆತೇನ್ರಿ? ಬಂದ್ವಿ, ಬಂದ್ವಿ” ಎಂದವನೇ ಎದ್ದು ಪಂಚೆ ಕೊಡವಿದ. “ಕಡೀಗೆ ಒಂದು ಉಳದೈತ್ರಿ. ಊರಾಗಿನ ಎಲ್ಲಾ ಗುಡಿಗಿಂತ ಭಾರಿ ಜಾಗೃತ ಸ್ಥಾನ. ಅದನ್ನ ನೋಡದ ಹೋದವರಿಗೆ ಒಳ್ಳೇದಾಗಿಲ್ಲ.”

“ಎಲ್ಲೈತಿ?” ಎಂದು ಟೀಚರು ಫೋನು ಎತ್ತಿ ಹಿಡಿದರು.

ಒಂದು ಓಣಿ ದಾಟಿದರು, ಇನ್ನೊಂದು ದಾಟಿದರು. ಮೂರನೆಯ ತಿರುವಿನಲ್ಲಿ ಚಿದಾನಂದಪ್ಪ ಗಕ್ಕನೆ ನಿಂತ. ಎದುರಿಗೆ ಅಕ್ಕನ ಓಣಿ. ಗಾಳಿಯಲ್ಲಿ ಹೋಳಿಗೆ ಬೇಯುವ ವಾಸನೆ. ಅವನು ತಿರುಗಿ ಓಡಬೇಕೆಂದರೆ ಹಿಂದೆ ನಾಗಲಕ್ಷ್ಮಿ ಬಾಗಿಲಿಗೆ ಅಗುಳಿ ಹಾಕಿದಂತೆ ಅಡ್ಡ ನಿಂತಿದ್ದಳು.

“ನಡೀರಿ, ನಡೀರಿ. ನಿನ್ನೇನ ಅಕ್ಕಾರಿಗೆ ಫೋನು ಮಾಡಿ ಹೇಳೀನಿ. ಅಡಿಗಿ ಆಗೋತನಾ ತಮ್ಮನ್ನ ಅಡ್ಡಾಡಸ್ಕೊಂತ ಇರು ಅಂತ ಅವರೇ ಮಲ್ಲಯ್ಯನವರನ್ನ ಕಳಿಸಿದ್ದು.”

“ಅವರ ಹಿಂದಿನ ಮನ್ಯಾಗ ಬಾಡಿಗಿ ಅದೀನ್ರಿ ನಾನು,” ಎಂದ ಮಲ್ಲಯ್ಯ ವಿನಯದಿಂದ. “ಗಿಡದ ಕತಿನೂ ಅವರೇ ಹೇಳಿಕೊಟ್ಟಿದ್ದು. ಭೀಮಂದು, ಅಶೋಕಂದು ಮಾತ್ರ ನಂದು.”

ಹಂಪೇಶ್ ತನ್ನ ಸಾಹುಕಾರರನ್ನು ಮೇಲಿಂದ ಕೆಳಗೆ ನೋಡಿದ. ಟೀಚರು ವಿಡಿಯೋ ನಿಲ್ಲಿಸಲಿಲ್ಲ.

ಬಾಗಿಲಲ್ಲಿ ಗಾದೆಮ್ಮ ನಿಂತಿದ್ದಳು. ತಲೆ ಪೂರಾ ಬೆಳ್ಳಗಾಗಿದೆ. ನಿಂತ ಗತ್ತು ಮಾತ್ರ ಅದೇ. ಚಿದಾನಂದಪ್ಪ ಟೊಪ್ಪಿಗೆ ಕಿತ್ತು ಕೈಯಲ್ಲಿ ಹಿಡಿದ. ಅವಳು ನಾಗಲಕ್ಷ್ಮಿಯ ಗಲ್ಲ ಸವರಿದಳು. “ಬಾರವ್ವ, ಬಾ ತಾಯಿ” ಎಂದು ಟೀಚರ ಕೈ ಹಿಡಿದಳು. “ಬಾರಪ್ಪ, ಹಸದೀರಿ ಪಾಪ” ಎಂದು ಹಂಪೇಶನಿಗೆ ಕಾಲಿಗೆ ನೀರು ಕೊಟ್ಟಳು. ಆಮೇಲೆ ತಮ್ಮನ ಕಡೆ ತಿರುಗಿ, ಎರಡೂ ಕೈ ಜೋಡಿಸಿದಳು.

“ನಮಸ್ಕಾರಮಂಡಿ. ಆದೋನಿ ನುಂಚಿ ವಚ್ಚಾರಂಟ. ಕೂರ್ಚೋಂಡಿ ಸಾರ್.”

ಆದೋನಿಯಿಂದ ಬಂದಿರಂತೆ, ಕೂತುಕೊಳ್ಳಿ ಸಾರ್! ಸೊಂಟಕ್ಕೆ ಬುರುಡೆ ಕಟ್ಟಿ ಈಜು ಕಲಿಸಿದ ತಮ್ಮನಿಗೆ ಬಹುವಚನ.

“ಯಕ್ಕಾ, ತಪ್ಪಾತವಾ... ನಾನು...” ಎಂದು ಚಿದಾನಂದಪ್ಪ ಬಗ್ಗಿದ. ಗಾದೆಮ್ಮ ಎರಡು ಹೆಜ್ಜೆ ಹಿಂದೆ ಸರಿದು, ಬೆರಗಾದವಳಂತೆ ಗಲ್ಲಕ್ಕೆ ಕೈ ಇಟ್ಟಳು.

“ಅಯ್ಯೋ, ಮೀಕು ಕನ್ನಡಂ ಕೂಡಾ ವಸ್ತುಂದಾ!”

ನಿಮಗೆ ಕನ್ನಡವೂ ಬರುತ್ತದಾ ಅಂತ. ಹಂಪೇಶನಿಗೆ ನೀರು ನೆತ್ತಿಗೇರಿ ಕೆಮ್ಮು ಬಂತು.

ಊಟ ಭರ್ಜರಿಯಾಗಿತ್ತು. ಹೋಳಿಗೆ, ಕಟ್ಟಿನ ಸಾರು, ಬದನೆಕಾಯಿ ಎಣ್ಣೆಗಾಯಿ, ಊರ ಗಿರಣಿಯ ಅಕ್ಕಿಯ ಅನ್ನ. ಗಾದೆಮ್ಮ ಎಲ್ಲರಿಗೂ ಬಡಿಸುತ್ತ ಕನ್ನಡದಲ್ಲಿ ಹರಟಿದಳು, ನಕ್ಕಳು, ನಾಗಲಕ್ಷ್ಮಿಗೆ ಸೊರಗೀದಿ ಎಂದು ಬೈದಳು. ತಮ್ಮನ ಎಲೆಯ ಮುಂದೆ ಬಂದಾಗ ಮಾತ್ರ ತೆಲುಗು. “ಇಂಕೊಕಟಿ ವೇಸ್ಕೋಂಡಿ ಸಾರ್”, ಇನ್ನೊಂದು ಹಾಕಿಸಿಕೊಳ್ಳಿ ಸಾರ್, ಎಂದು ಹೋಳಿಗೆಯ ಮೇಲೆ ಹೋಳಿಗೆ ಹಾಕಿದಳು, ಕೈಗೆ ಬಂದಷ್ಟು ತುಪ್ಪ ಸುರಿದಳು. ಆ ತುಪ್ಪದ ಮೇಲೆ ಚಿದಾನಂದಪ್ಪನ ಕಣ್ಣೀರು ಎರಡು ಹನಿ ಬಿತ್ತು. ನೋಡಿದಳೋ ಇಲ್ಲವೋ, ಅವಳು ಇನ್ನೊಂದು ಹೋಳಿಗೆ ಹಾಕಿದಳು. ಅವನು ಬೇಡ ಅನ್ನದೆ ತಿಂದ.

ಹೊರಡುವಾಗ ಹೆಂಗಸರಿಗೆ ಕುಂಕುಮ, ಕುಬುಸದ ಕಣ ಆಯಿತು. ಪರಊರಿನ ಸಾಹುಕಾರರಿಗೆ ಕೊಡುವ ಮರ್ಯಾದೆಯಂತೆ ತಮ್ಮನಿಗೊಂದು ಟವೆಲು, ತೆಂಗಿನಕಾಯಿ ಕೊಟ್ಟಳು. ಅವನು ಕಾಯಿ ಹಿಡಿದು ಹೊಸ್ತಿಲಲ್ಲೇ ನಿಂತ. ಒಂದು ಸಲ, ಒಂದೇ ಒಂದು ಸಲ ಚಿದ್ಯಾ ಅನ್ನಲಿ ಎಂದು ಅಕ್ಕನ ಮುಖವನ್ನೇ ನೋಡಿದ. ಗಾದೆಮ್ಮನ ಗದ್ದ ಸ್ವಲ್ಪ ನಡುಗಿತು. ಆದರೂ ಸೆರಗು ಸರಿಮಾಡಿಕೊಂಡು ಅದೇ ಹಾಳು ತೆಲುಗಿನಲ್ಲಿ ಹೇಳಿದಳು. ಅದನ್ನು ಕನ್ನಡದಲ್ಲಿ ಹೇಳಬೇಕೆಂದರೆ ಇಷ್ಟು:

“ಬಳ್ಳಾರಿ ಕಡೆಗೆ ಹೊರಟಿದ್ದೀರಲ್ಲ ಸಾರ್, ಅಲ್ಲಿ ಗಾಂಧಿನಗರದಲ್ಲಿ ನನ್ನ ತಮ್ಮ ಒಬ್ಬನಿದ್ದಾನೆ. ನಿಮ್ಮಂಥ ಪರಊರಿನವರೇ ಬಂದು ಉಂಡು ಹೋದರು, ನೀನು ಯಾವಾಗ ಬರುತ್ತೀಯಂತ ಅಕ್ಕ ಕೇಳಿದಳೆಂದು ಹೇಳಿ. ಅವನಿಗೆ ಹೋಳಿಗೆ ಅಂದರೆ ಜೀವ.”

ವ್ಯಾನಿನಿಂದ ಹಂಪೇಶ್ ಹಾರ್ನು ಹೊಡೆಸುತ್ತಿದ್ದ. ಚಿದಾನಂದಪ್ಪ ಕನ್ನಡದಲ್ಲಿ ಬಾಯಿ ತೆರೆದ, ಅಕ್ಕನ ಹುಬ್ಬು ಮೇಲೇರಿದ್ದು ನೋಡಿ ಮುಚ್ಚಿದ.

“ಚೆಪ್ತಾನಂಡಿ” ಎಂದ. ಹೇಳುತ್ತೇನ್ರಿ, ಅಂತ. ಮತ್ತೇನು ಹೇಳಲಿಕ್ಕಾದೀತು ಪಾಪ!